ಏಳನೇ ನಂಬರ್ ಮರದ ಬೇರು

ಗಡಾರಿ ಎತ್ತಿ ಹಾಕ್ದೆ. ಟಣ್ ಅಂತು. ಇನ್ನೊಂದ್ಸಲ ಹಾಕ್ದೆ, ಕೈ ಜುಮ್ ಅಂತು. ಮಣ್ಣು ಮಾತ್ರ ಏಳ್ಲಿಲ್ಲ. ಏಪ್ರಿಲ್ ಬಿಸ್ಲು, ಕೆಂಗೇರಿ ಆಚೆ ನೀಲಗಿರಿ ತೋಪು. ಒಂಬತ್ತು ಮರ ಹೆಂಗೋ ಅಗ್ದಿದ್ದೆ. ಈ ಏಳನೇ ನಂಬರ್ ಒಂದೇ ಬಾಕಿ.

ನನ್ ಕೆಲ್ಸ ಸಿಂಪಲ್. ಕಾಲೇಜಲ್ಲಿ ರಿಸರ್ಚ್ ಮಾಡೋ ಮೇಡಂಗೆ ತಿಂಗ್ಳಿಗೊಂದ್ಸಲ ನಂಬರ್ ಹಾಕಿರೋ ಹತ್ತು ಮರದ ಬುಡ ಅಗೆದು, ಸಣ್ಣ ಬೇರು ಕವರಿಗೆ ಹಾಕಿ ಕೊಡೋದು. ಬೇರಿನ ತುದೀಲಿ ಒಂಥರಾ ಬೂಷ್ಟು ಇರುತ್ತೆ. ಕೆಟ್ಟ ಬೂಷ್ಟಲ್ಲ. ಅದು ಮರಕ್ಕೆ ನೀರು ಎಳ್ಕೊಡುತ್ತೆ, ಮರ ಅದಕ್ಕೆ ಊಟ ಹಾಕುತ್ತೆ. ಮಳೆಗಾಲದಲ್ಲಿ ಬೇರಿಗೆ ಬಿಳಿ ಸಾಕ್ಸ್ ಹಾಕ್ದಂಗೆ ಕಾಣುತ್ತೆ. ಬೇಸಿಗೇಲಿ ಎಷ್ಟು ಉಳಿಯುತ್ತೆ, ಅದೇ ಮೇಡಂಗೆ ಬೇಕಾಗಿರೋದು.

ಅವತ್ತು ಮೇಡಂ ಬಂದಿರ್ಲಿಲ್ಲ. ತೋಪಿನ ಅಂಚಲ್ಲಿ ಒಂದು ಟೀ ಅಂಗಡಿ. ಲೋಟ ತೊಳೆದ ನೀರು ಪಕ್ಕದ ಮರದ ಬುಡಕ್ಕೆ ಹರಿಯುತ್ತೆ. ಮಣ್ಣು ಬೆಣ್ಣೆ ಥರ. ಇದೂ ನೀಲಗಿರಿ ತಾನೆ ಅಂದ್ಕೊಂಡೆ. ಎರಡು ಏಟಿಗೆ ಬೇರು ಸಿಕ್ತು. ಕವರ್ ಮೇಲೆ ಏಳು ಅಂತ ಬರ್ದೆ. ಟೀ ಕುಡ್ದೆ. ಕವರೆಲ್ಲ ಕಾಲೇಜಿಗೆ ಕೊಟ್ಟು ಬಾಪೂಜಿ ನಗರದ ಮನೆಗೆ ಬಂದ್ಬಿಟ್ಟೆ.

ಎರಡು ದಿನ ಆದ್ಮೇಲೆ ಮೇಡಂ ಫೋನು. "ಎಲ್ಲಿದೀಯೋ, ಬೇಗ ಬಾ!"

ಹೋದೆ. ಮೈಕ್ರೋಸ್ಕೋಪಲ್ಲಿ ನೋಡು ಅಂದ್ರು. ಎಲ್ಲಾ ಬೆಳ್ಳಗೆ.

"ಮಿಕ್ಕಿದ್ದೆಲ್ಲ ಒಣ್ಗೋಗಿದೆ. ಏಳನೇದು ಮಾತ್ರ ಜುಲೈ ಇದ್ದಂಗಿದೆ. ಈ ಮರದಲ್ಲಿ ಏನೋ ವಿಶೇಷ ಇದೆ ಕಣೋ! ನಾಳೆ ನಮ್ ಗೈಡ್ ಸಾರ್‌ಗೆ ತೋರಿಸ್ತೀನಿ."

ಹೇಳಿದ್ರೆ ಕೆಲ್ಸ ಹೋಗುತ್ತೆ. ಹೇಳ್ದೆ ಇದ್ರೆ ಆಯಮ್ಮನ ಒಂದ್ ವರ್ಷದ ಕಷ್ಟ ಹಳ್ಳಕ್ಕೆ.

"ಮೇಡಂ, ಅದು ಏಳಲ್ಲ."

"ಮತ್ತೆ?"

"ಟೀ ಅಂಗಡಿ ಮರ. ಅಲ್ಲಿ ಲೋಟ ತೊಳೆದ ನೀರು ನಿಲ್ಲುತ್ತೆ."

ನನ್ನ ನೋಡಿದ್ರು. ಮೈಕ್ರೋಸ್ಕೋಪ್ ನೋಡಿದ್ರು. "ಅಲ್ಲಯ್ಯಾ, ನನ್ ಥೀಸಿಸ್ ಒಳಗೆ ಲೋಟ ತೊಳ್ದಿದೀಯಲ್ಲೋ! ನಾಳೆ ಬೆಳಿಗ್ಗೆ ಆರಕ್ಕೆ ಅಲ್ಲಿರು. ನಾನೂ ಬರ್ತೀನಿ."

ಬೆಳಿಗ್ಗೆ ಏಳನೇ ಮರದ ಬುಡ ಒಂದೂವರೆ ಗಂಟೆ ಅಗ್ದೆ. ಅಂಗೈಲಿ ಬೊಬ್ಬೆ ಬಂತು. ಮೇಡಂ ಕಲ್ಲಿನ ಮೇಲೆ ಕೂತು ಇಡ್ಲಿ ತಿಂತಾ "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಅಂತಿದ್ರು, ನಂಗೊಂದು ಕೊಡ್ಲಿಲ್ಲ. ಕೊನೆಗೆ ಬೇರು ಸಿಕ್ತು. ಸುರುಟ್ಕೊಂಡು ಕಂದು ಬಣ್ಣ, ಬಿಳೀದು ಎಲ್ಲೂ ಇಲ್ಲ.

"ಸಾರಿ ಮೇಡಂ, ಇದ್ರಲ್ಲಿ ಏನೂ ಇಲ್ಲ."

"ಇಲ್ಲ ಅಂತ್ಲೇ ಬರ್ಕೋತೀನಿ ಬಿಡು." ಬರ್ಕೊಂಡ್ರು. ಆಮೇಲೆ ಪೇಂಟ್ ತಗೊಂಡು ಟೀ ಅಂಗಡಿ ಮರಕ್ಕೆ ಹನ್ನೊಂದು ಅಂತ ನಂಬರ್ ಹಾಕಿದ್ರು. "ಇನ್ಮೇಲೆ ಹನ್ನೊಂದು ಮರ ನಿಂಗೆ. ಪ್ರತಿ ಗುಂಡೀದೂ ನಂಬರ್ ಕಾಣೋ ಹಂಗೆ ಫೋಟೋ ಕಳಿಸ್ಬೇಕು."

ಕೆಲ್ಸ ಉಳೀತು. ಜೂನಲ್ಲಿ ಮಳೆ ಹಿಡೀತು, ಜುಲೈನಲ್ಲಿ ಏಳನೇ ಮರದ ಬೇರಿಗೆ ಸಾಕ್ಸ್ ವಾಪಸ್ ಬಂತು. ಫೋಟೋ ಕಳಿಸ್ದೆ. ಅಷ್ಟೇ, ಇನ್ನೇನೂ ಇಲ್ಲ ಹೇಳಕ್ಕೆ.