ಬೇಟೆಯಂಗಡಿಯ ಜಾಕೆಟ್ಟು

ಲಂಡನ್ನಿಗೆ ಬಂದ ಮೇಲೆ ಹನ್ನೊಂದು ಸೇಲ್ ಕಂಡಿದ್ದೆ, ನನಗೆಂದು ಒಂದು ಕರ್ಚೀಫನ್ನೂ ಕೊಂಡಿರಲಿಲ್ಲ. ಕ್ರಿಸ್ಮಸ್ ಮುಗಿದ ಕೂಡಲೇ ಅಂಗಡಿ ಬಾಗಿಲು ತೆರೆಯುವ ಮೊದಲೇ ಹೋಗಿ ಸಾಲಿನಲ್ಲಿ ನಿಲ್ಲುವುದು ನಾವಿದ್ದ ಹ್ಯಾರೋ ಬಡಾವಣೆಯ ಕನ್ನಡದ ಡಾಕ್ಟರ ಕುಟುಂಬಗಳಿಗೆಲ್ಲ ಒಂದು ವ್ರತವೇ ಆಗಿತ್ತು. ಆದರೆ ಕೊಂಡದ್ದೆಲ್ಲ ಮಂಚದ ಕೆಳಗಿನ ಸೂಟ್‌ಕೇಸಿಗೆ ಹೋಗುತ್ತಿತ್ತು. ಟವೆಲ್ಲು ನಾದಿನಿಗೆ, ಸೆಂಟು ಮೈದುನನಿಗೆ, ಚಾಕುವಿನ ಸೆಟ್ಟು ಓರಗಿತ್ತಿಗೆ. ಧಾರವಾಡದಲ್ಲಿ ಯಾರೂ ತೊಡದ ದಪ್ಪ ಉಣ್ಣೆಯ ಕೋಟುಗಳನ್ನೂ ಹೊತ್ತು ಕೊಟ್ಟಿದ್ದೇನೆ, ಅವು ಇವತ್ತಿಗೂ ಟ್ರಂಕಿನಲ್ಲಿ ನುಸಿಗುಳಿಗೆಯ ವಾಸನೆ ಕುಡಿಯುತ್ತ ಬಿದ್ದಿವೆ. ಸೇಲ್ ಇರುವುದು ಊರಿನವರಿಗಾಗಿ, ತನಗೆಂದು ಕೊಂಡವಳು ಸ್ವಾರ್ಥಿ. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲದಲ್ಲಿ ನಾನು ಆ ವ್ರತ ಮುರಿದೆ. ಅದಕ್ಕೆ ನನಗೆ ಆಗಲೂ ಪಶ್ಚಾತ್ತಾಪವಾಗಲಿಲ್ಲ, ಈಗಲೂ ಇಲ್ಲ.

ಆಗ ನಾನು ನಮ್ಮ ಬೀದಿಯ ಕೊನೆಯಲ್ಲಿದ್ದ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟು. ಇವತ್ತು ಡಾಕ್ಟರು ಸಿಗುವುದಿಲ್ಲ, ಗುರುವಾರ ಬನ್ನಿ ಎಂದು ಗಾಜಿನ ಹಿಂದೆ ಕೂತು ದಿನಕ್ಕೆ ನಲವತ್ತು ಸಲ ಹೇಳುವುದೇ ನನ್ನ ಕೆಲಸ. ಅಲ್ಲಿನ ನೋಟಿಸ್ ಬೋರ್ಡಿನಲ್ಲಿ ಒಂದು ನಡಿಗೆಯ ಗುಂಪಿನ ಚೀಟಿ ಇತ್ತು. ತಿಂಗಳ ಮೊದಲ ಭಾನುವಾರ ಟ್ಯೂಬ್ ರೈಲಿನಲ್ಲಿ ಮೆಟ್ರೋಪಾಲಿಟನ್ ಲೈನಿನ ಕೊನೆಯವರೆಗೆ ಹೋಗುವುದು, ಅಲ್ಲಿಂದ ಗುಡ್ಡಗಳಲ್ಲಿ ಹತ್ತು ಮೈಲಿ ನಡೆಯುವುದು, ಸಂಜೆ ಮನೆಗೆ ಬರುವುದು. ಹೆಚ್ಚಿನವರು ನಿವೃತ್ತ ಹೆಂಗಸರು. ನವೆಂಬರಿನಲ್ಲಿ ಒಂದು ಸಲ ಹೋದೆ. ಚೂಡಿದಾರ, ಕ್ಯಾನ್ವಾಸ್ ಶೂ, ಕೈಯಲ್ಲಿ ಗಂಡನ ಕೊಡೆ. ಮಳೆ ಹೊಡೆಯಿತು, ಕೊಡೆ ತಿರುಚಿಕೊಂಡಿತು, ಬೇಲಿ ದಾಟುವಾಗ ಕೆಸರಿನಲ್ಲಿ ಸೊಂಟದವರೆಗೆ ಜಾರಿ ಬಿದ್ದೆ, ಹಲ್ಲು ಕಟಕಟ ಎನ್ನುತ್ತಿತ್ತು. ಆದರೂ ಅಷ್ಟು ಸುಖ ನನಗೆ ಈ ದೇಶದಲ್ಲಿ ಅದುವರೆಗೆ ಸಿಕ್ಕಿರಲಿಲ್ಲ. ಆರು ತಾಸು ಯಾರೂ ನನ್ನನ್ನು ಏನೂ ಕೇಳಲಿಲ್ಲ. ಊಟಕ್ಕೆ ಏನು ಮಾಡಿದ್ದೀ ಎಂದು ಕೇಳಲಿಲ್ಲ, ನನ್ನ ಕನ್ನಡಕ ಎಲ್ಲಿ ಎಂದು ಕೇಳಲಿಲ್ಲ.

ಗುಂಪಿನ ಮುಂದಾಳು ಒಬ್ಬ ನಿವೃತ್ತ ಶಾಲಾ ಶಿಕ್ಷಕಿ. ಸ್ಟೇಷನ್ನಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು, "ಡಿಸೆಂಬರಿನಲ್ಲಿ ನಡಿಗೆ ಇಲ್ಲ. ಜನವರಿಯಲ್ಲಿ ಬನ್ನಿ, ಸಂತೋಷ. ಆದರೆ ಸರಿಯಾದ ಬೂಟು, ನೀರು ಒಳಗಿಳಿಯದ ಜಾಕೆಟ್ಟು ಇಲ್ಲದೆ ಬಂದರೆ ಸ್ಟೇಷನ್ನಿನಿಂದಲೇ ವಾಪಸು ಕಳಿಸುತ್ತೇನೆ. ಚಳಿಗೆ ಯಾರಾದರೂ ಕುಸಿದರೆ ಹೊಣೆ ನನ್ನದು." ಅವಳು ಹೇಳಿದ್ದು ನ್ಯಾಯವೇ. ಜನವರಿಯ ಮೊದಲ ಭಾನುವಾರ ಹೋಗಿಯೇ ತೀರುತ್ತೇನೆ ಎಂದು ನಾನು ಟ್ಯೂಬಿನಲ್ಲಿ ಒದ್ದೆ ಬಟ್ಟೆಯಲ್ಲೇ ಕೂತು ನಿಶ್ಚಯಿಸಿದೆ.

ಮನೆಯಲ್ಲಿ ಯಾರಿಗೂ ಇದು ಅರ್ಥವಾಗಲಿಲ್ಲ. ನನ್ನ ಗಂಡ ಆಸ್ಪತ್ರೆಯಲ್ಲಿ ಎಲುಬಿನ ಡಾಕ್ಟರು, ನಡೆಯುವುದನ್ನು ರೋಗಿಗಳಿಗೆ ಬರೆದುಕೊಡುವವರೇ ಹೊರತು ತಾವು ನಡೆಯುವವರಲ್ಲ. "ಗುಡ್ಡಾ ನೋಡಬೇಕಂದ್ರ ಕಾರಿನ್ಯಾಗ ಕರಕೊಂಡ ಹೋಗ್ತೇನಲ್ಲ" ಎಂದರು. ಆರು ತಿಂಗಳಿಗೆಂದು ಧಾರವಾಡದಿಂದ ಬಂದಿದ್ದ ಅತ್ತೆ ಒಂದೇ ಪ್ರಶ್ನೆ ಕೇಳಿದರು.

"ಮ್ಯಾಲೆ ಗುಡಿ ಅದ ಏನು?"

"ಇಲ್ರಿ."

"ಮತ್ತ ಯಾಕ ಹತ್ತೋದು?"

ಹದಿನೈದರ ಮಗಳು ಕನ್ನಡದ ಈ ಮಾತುಕತೆಯನ್ನೆಲ್ಲ ಕೇಳಿ, "ಜಸ್ಟ್ ಗೋ, ಅಮ್ಮ" ಎಂದು ಹೇಳಿ ಮೇಲೆ ಹೋದಳು. ಅವಳ ಪಾಲಿಗೆ ಅಷ್ಟೇ ಸರಳ.

ಅಂಗಡಿ ಇದ್ದದ್ದು ಫೆಲ್ಥಮ್ ಕಡೆಗೆ ಹೋಗುವ ದೊಡ್ಡ ರಸ್ತೆಯ ಪಕ್ಕ, ಗೋದಾಮಿನಷ್ಟು ದೊಡ್ಡದು. ಮುಂದಿನ ಅರ್ಧದಲ್ಲಿ ಟೆಂಟು, ಬೂಟು, ಬೆನ್ನಚೀಲ. ಹಿಂದಿನ ಅರ್ಧ ಬೇಟೆಯವರದು. ಬೀಗ ಹಾಕಿದ ಗಾಜಿನ ಕಪಾಟಿನಲ್ಲಿ ಬಂದೂಕು, ತೋಟಾ ಸಿಕ್ಕಿಸುವ ಬೆಲ್ಟು, ನಿಜದ ಬಾತುಗಳನ್ನು ಮೋಸಗೊಳಿಸಲು ಮರದ ಬಾತು. ಗೋಡೆಯ ಮೇಲೆ ಒಂದು ಜಿಂಕೆಯ ತಲೆ, ಅದರ ಕೊಂಬಿಗೆ 'ಅರ್ಧ ಬೆಲೆ' ಎಂಬ ಹಲಗೆ ತೂಗುಹಾಕಿದ್ದರು. ನನ್ನ ಗಂಡ ಅದರ ಕೆಳಗೆ ನಿಂತು ಪಾರ್ಕಿಂಗಿನ ಚಿಂತೆ ಮಾಡುತ್ತಿದ್ದರು.

ಬೂಟು ಬೇಗ ಸಿಕ್ಕಿತು. ಜಾಕೆಟ್ಟು ಮಾತ್ರ ಮುಂದಿನ ಭಾಗದಲ್ಲಿ ನನ್ನ ಅಳತೆಯದು ಇರಲಿಲ್ಲ, ಬೇಟೆಯ ಕಡೆ ಇತ್ತು. ಕಡು ಹಸಿರು, ಒಳಗೆ ತಿಳಿ ಬಣ್ಣದ ಅಸ್ತರು, ಬೆನ್ನಿನ ಹಿಂದೆ ಒಂದು ದೊಡ್ಡ ಜೇಬು. ಅದು ಯಾತಕ್ಕೆ ಎಂದು ಮಾರುವವಳನ್ನು ಕೇಳಿದೆ. ಹೊಡೆದ ಹಕ್ಕಿ ಇಟ್ಟುಕೊಳ್ಳಲು, ಎಂದಳು. ಚಪಾತಿ ಪಲ್ಯದ ಡಬ್ಬಿಗೆ ಸರಿಯಾಗುತ್ತದೆ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

"ಇದು ಯಾರಿಗೆ?" ಗಂಡ ಕೇಳಿದರು. ಊರಿನಿಂದ ಬಂದ ಪಟ್ಟಿ ಅವರ ಕೈಯಲ್ಲೇ ಇತ್ತು.

"ನನಗ."

"ಅಲ್ಲ, ಯಾರಿಗೆ ಅಂತ ಕೇಳಿದೆ."

"ನನಗ ಅಂತ ಹೇಳಿದೆ."

ಹಾಕಿ ನೋಡಿದ್ದು ತೂಗುಹಾಕಿದ್ದ ಜಾಕೆಟ್ಟನ್ನು. ಮಾರುವವಳು ಕಟ್ಟಿಕೊಟ್ಟದ್ದು ಅದೇ ಅಳತೆಯ, ಪ್ಲಾಸ್ಟಿಕ್ಕಿನಲ್ಲಿ ಮಡಿಸಿಟ್ಟಿದ್ದ ಹೊಸದನ್ನು. ಕಾರಿನ ಹತ್ತಿರ ಹೋಗುವ ಆತುರದಲ್ಲಿ ನಾನು ಬಿಚ್ಚಿ ನೋಡಲಿಲ್ಲ.

ನಮ್ಮ ಮನೆಯಲ್ಲಿ ಹೊಸ ಬಟ್ಟೆಯನ್ನು ಹಾಗೇ ತೊಡುವುದಿಲ್ಲ. ದೇವರ ಮುಂದಿಟ್ಟು, ಮೂಲೆಗೊಂದು ಬೊಟ್ಟು ಕುಂಕುಮ ಹಚ್ಚಿ ಆಮೇಲೆ ಮೈಮೇಲೆ. ಅದು ಅತ್ತೆಯ ಕೆಲಸವಾಗಿತ್ತು. ನನ್ನ ಮದುವೆಯ ಸೀರೆಗಳಿಗೆಲ್ಲ ಅವರೇ ಹಚ್ಚಿದ್ದರು. ಮಾವ ತೀರಿಹೋದ ದಿನದಿಂದ ಕುಂಕುಮದ ಭರಣಿ ಮುಟ್ಟುವುದನ್ನು ಬಿಟ್ಟಿದ್ದರು. ಯಾರಿಗಾದರೂ ಹೊಸ ಬಟ್ಟೆ ಬಂದರೆ ನನ್ನ ಕಡೆ ತಳ್ಳಿ, ದೂರ ಸರಿದು ಕೂಡುತ್ತಿದ್ದರು. ಅದನ್ನು ನೋಡಿದಾಗೆಲ್ಲ ನನಗೆ ಸಿಟ್ಟು ಬರುತ್ತಿತ್ತು, ಆದರೆ ಒಂದು ದಿನವೂ ಬಾಯಿಬಿಟ್ಟು ಕೇಳಿರಲಿಲ್ಲ.

ಜಾಕೆಟ್ಟು ನೋಡಿ ಅವರು, "ಬ್ಯಾಟಿಯವರ ಅಂಗಡೀದು. ದೇವರ ಮುಂದ ಇಡಬ್ಯಾಡ" ಎಂದರು.

ನಾನು ಇಟ್ಟೆ. ಹಟಕ್ಕೆ ಬಿದ್ದು ಕುಂಕುಮವನ್ನು ನೀರಿನಲ್ಲಿ ಕಲೆಸಿ, ಕಾಲರಿನ ಒಳಗೆ ಅಂಗೈ ನಡುವಿನಷ್ಟು ಅಗಲಕ್ಕೆ ಹಚ್ಚಿದೆ. ಆಮೇಲೆ ತೋಳು ತೂರಿಸಿ ಜಿಪ್ ಎಳೆದರೆ ಅದು ಹೊಕ್ಕುಳದವರೆಗೆ ಬಂದು ನಿಂತಿತು. ನಡುವೆ ಮೂರು ಹಲ್ಲೇ ಇರಲಿಲ್ಲ.

ಮಾರನೆಯ ದಿನ ಗಂಡನಿಗೆ ಡ್ಯೂಟಿ, ಮಗಳು ಗೆಳತಿಯ ಮನೆಯಲ್ಲಿ. ಮನೆಯಲ್ಲಿ ಒಬ್ಬರೇ ಇರಲು ಅತ್ತೆಗೆ ಬಾಯ್ಲರಿನ ಸದ್ದಿನ ಭಯ. ಇಬ್ಬರೂ ಎರಡು ಬಸ್ಸು ಬದಲಿಸಿ ಅಂಗಡಿಗೆ ಹೋದೆವು. ಹಿಂದಿರುಗಿಸುವವರ ಸಾಲು ಟೆಂಟುಗಳವರೆಗೆ ಬೆಳೆದಿತ್ತು. ಕೌಂಟರಿನಲ್ಲಿ ಮ್ಯಾನೇಜರೇ ಇದ್ದ, ಎತ್ತರದ ಆಳು, ಟೈ ತುಂಬ ಹಕ್ಕಿಗಳ ಚಿತ್ರ. ಜಿಪ್ ನೋಡಿದ, ಕ್ಷಮೆ ಕೇಳಿದ, ನನ್ನ ಅಳತೆಯಲ್ಲಿ ಉಳಿದಿದ್ದ ಕೊನೆಯ ಜಾಕೆಟ್ಟನ್ನು ತರಿಸಿ ಕೌಂಟರಿನ ಮೇಲಿಟ್ಟ. ಆಮೇಲೆ ಹಳೆಯದನ್ನು ಮಡಿಸಲು ಹೋಗಿ ಕಾಲರಿನ ಕೆಂಪು ಕಲೆ ಕಂಡ.

"ಮೇಡಂ, ಇದನ್ನು ಬಳಸಿದ್ದೀರಿ."

"ಇಲ್ಲ."

"ಇದು ರಕ್ತ." ಸಾಲಿನವರಿಗೂ ಕೇಳುವಂತೆ ಹೇಳಿದ. "ರಜೆಯಲ್ಲಿ ಬೇಟೆಗೆ ತೊಟ್ಟುಹೋಗಿ, ಬಂದು ವಾಪಸು ಕೊಡುವವರನ್ನು ನಾವು ಪ್ರತಿ ವರ್ಷ ನೋಡುತ್ತೇವೆ."

ಹುಟ್ಟಿದಾಗಿನಿಂದ ಒಂದು ತತ್ತಿಯನ್ನೂ ಒಡೆಯದವಳು ನಾನು. ಹಕ್ಕಿ ಹೊಡೆದು ಬಂದೆ ಎಂಬ ಆರೋಪ ನನ್ನ ಮೇಲೆ. ನಗು ಬರಬೇಕಿತ್ತು, ಮೈ ಉರಿಯಿತು. ಕ್ಲಿನಿಕ್ಕಿನ ಗಾಜಿನ ಹಿಂದೆ ಕೂತು ಇಲ್ಲ ಎಂದು ಹೇಳಿಯೇ ಬದುಕುವವಳು ನಾನು, ಆದ್ದರಿಂದ ಅವನು ಮನಸ್ಸಿನಲ್ಲಿ ನಿರ್ಧಾರ ಮಾಡಿ ಮುಗಿಸಿದ್ದಾನೆ ಎಂದು ಮುಖ ನೋಡಿದ ಕೂಡಲೇ ತಿಳಿಯಿತು. ಆದರೂ ವಿವರಿಸಿದೆ. ಇದು ಕುಂಕುಮ, ನಮ್ಮಲ್ಲಿ ಹೊಸ ಬಟ್ಟೆಗೆ ತೊಡುವ ಮೊದಲು ಹಚ್ಚುತ್ತೇವೆ, ಈ ಕಲೆ ಇದ್ದರೆ ಬಟ್ಟೆ ಹೊಸದು ಎಂದೇ ಅರ್ಥ. ಸೇಲ್‌ನಲ್ಲಿ ಕೊಂಡದ್ದಾದರೂ ದೋಷವಿದ್ದರೆ ಬದಲಿಸಿಕೊಡಬೇಕೆಂದು ನಮ್ಮ ಕ್ಲಿನಿಕ್ಕಿನಲ್ಲಿ ಇಟ್ಟಿರುವ, ಗ್ರಾಹಕರ ಹಕ್ಕಿನ ಕೌನ್ಸಿಲ್ಲಿನ ಕಾಗದದಲ್ಲಿ ಬರೆದಿದೆ ಎಂದೂ ಹೇಳಿದೆ.

"ಕಲೆಯಾದ ಮಾಲನ್ನು ನಾನು ಯಾರಿಗೂ ಮಾರಲಾರೆ. ಬೇಕಾದರೆ ಜಿಪ್ ರಿಪೇರಿಗೆ ಕಳಿಸುತ್ತೇನೆ. ಮೂರು ವಾರ."

ಭಾನುವಾರಕ್ಕೆ ನಾಲ್ಕು ದಿನ ಉಳಿದಿತ್ತು. ಅವನು ಹೊಸ ಜಾಕೆಟ್ಟನ್ನು ತನ್ನ ಕಡೆಗೆ ಎಳೆದುಕೊಳ್ಳತೊಡಗಿದ. ನಾನು ಅದರ ಒಂದು ತೋಳು ಹಿಡಿದು ನಿಂತೆ. ನನ್ನ ಹಿಂದೆ ಯಾರೋ ಗಡಿಯಾರ ನೋಡಿ ನಿಟ್ಟುಸಿರು ಬಿಟ್ಟರು.

ಅತ್ತೆ ನನ್ನ ಮೊಣಕೈ ಮುಟ್ಟಿದರು. "ಏನಂತಾನ ಇಂವಾ?"

"ಕಾಲರಿಗೆ ಹತ್ತಿದ್ದು ನೆತ್ತರ ಅಂತಾನ್ರಿ. ನಾ ಬ್ಯಾಟಿಗೆ ಹೋಗಿದ್ದೆ ಅಂತ."

ಅವರು ಮ್ಯಾನೇಜರನ ಮುಖ ನೋಡಿದರು, ಅವನ ಟೈ ನೋಡಿದರು.

"ಕುಂಕುಮಕ್ಕ ನೆತ್ತರ ಅಂದನ? ಭರಣಿ ಕೊಡು ಇಲ್ಲೆ."

ನನ್ನ ಹ್ಯಾಂಡ್‌ಬ್ಯಾಗಿನಲ್ಲಿ ಯಾವಾಗಲೂ ಒಂದು ಸಣ್ಣ ಬೆಳ್ಳಿಯ ಭರಣಿ ಇರುತ್ತದೆ. ಕೊಟ್ಟೆ. ಅವರು ಮುಚ್ಚಳ ತೆಗೆದು, ಒಂದು ಚಿಟಿಕೆ ಕುಂಕುಮವನ್ನು ಅಂಗೈಯಲ್ಲಿ ಹಾಕಿಕೊಂಡು ಅವನ ಮೂಗಿನ ಹತ್ತಿರ ಹಿಡಿದು, ಉಫ್ ಎಂದು ಊದಿದರು. ಅವನ ಬಿಳಿ ಅಂಗಿಯ ಮೇಲೆ ಕೆಂಪು ಧೂಳು ಬಿತ್ತು. ಆಮೇಲೆ ಕೌಂಟರಿನ ಮೇಲಿದ್ದ ಹೊಸ ಜಾಕೆಟ್ಟಿನ ಕಾಲರು ಬಿಚ್ಚಿ, ಉಂಗುರ ಬೆರಳಿನಿಂದ ಒಂದು ಬೊಟ್ಟು ಒತ್ತಿದರು. ಅವಸರವಿಲ್ಲದೆ, ದುಂಡಗೆ, ಹಿಂದೆ ನನ್ನ ಸೀರೆಗಳಿಗೆ ಹಚ್ಚುತ್ತಿದ್ದ ಹಾಗೆಯೇ.

"ಇನ್ನ ಇದು ನಮ್ದಾತು. ತಗೊಂಡ ನಡಿ."

ಅಳಲು ಅದು ಜಾಗವಾಗಿರಲಿಲ್ಲ.

"ಇವರು ಏನು ಮಾಡಿದರು?" ಮ್ಯಾನೇಜರ್ ಕೇಳಿದ.

"ಹೊಸದು ಎಂದು ಗುರುತು ಹಾಕಿದರು," ಎಂದೆ. "ಕಲೆಯಾದ ಮಾಲನ್ನು ಯಾರಿಗೂ ಮಾರಲಾರೆ ಎಂದು ನೀವೇ ಹೇಳಿದಿರಲ್ಲ. ಇದನ್ನು ಇನ್ನು ನಾನೇ ಒಯ್ಯಬೇಕು."

ಸಾಲಿನಲ್ಲಿ ಒಬ್ಬ ಮುದುಕ ಜೋರಾಗಿ ನಕ್ಕ, ಕೊಟ್ಟುಬಿಡಯ್ಯಾ ಎಂದ. ಮ್ಯಾನೇಜರ್ ಸಾಲನ್ನು ನೋಡಿದ, ಅಂಗಿ ಕೊಡವಿಕೊಂಡ, ರಸೀದಿಗೆ ಠಸ್ಸೆ ಒತ್ತಿದ. ನಾನು ಅಲ್ಲೇ ನಿಂತು ಜಿಪ್ಪನ್ನು ಗದ್ದದವರೆಗೆ ಎಳೆದು ನೋಡಿ ಆಮೇಲೆ ಹೊರಟೆ.

ಬಸ್ಸಿನಲ್ಲಿ ಅತ್ತೆ ಬೆರಳು ನೋಡಿಕೊಳ್ಳುತ್ತ ಕೂತಿದ್ದರು. "ನಾ ಮುಟ್ಟಬಾರದಿತ್ತು" ಎಂದರು.

"ಯಾರ ಹೇಳ್ಯಾರ ಹಂಗಂತ?"

ಎರಡು ಸ್ಟಾಪು ಕಳೆಯುವವರೆಗೆ ಯೋಚಿಸಿದರು. "ಯಾರೂ ಹೇಳಿಲ್ಲ ನೋಡು" ಎಂದರು.

ಅದೇ ಸಂಜೆ ಗಂಡ ಇನ್ನೊಂದು ಸುದ್ದಿ ತಂದರು. ಭಾನುವಾರ ಮಧ್ಯಾಹ್ನ ನಾಲ್ಕು ಕುಟುಂಬಗಳನ್ನು ಊಟಕ್ಕೆ ಕರೆದಿದ್ದಾರೆ, ಅವರಿಗೆಲ್ಲ ಅತ್ತೆಯನ್ನು ನೋಡಬೇಕಂತೆ. ನನ್ನನ್ನು ಕೇಳಿರಲಿಲ್ಲ. ಹನ್ನೊಂದು ವರ್ಷದಲ್ಲಿ ಎಂದೂ ಕೇಳಿರಲಿಲ್ಲ, ಆದ್ದರಿಂದ ಅವರಿಗೆ ಅದು ತಪ್ಪೆಂದು ಹೊಳೆದಿರಲಿಕ್ಕೂ ಇಲ್ಲ.

"ಭಾನುವಾರ ನಾ ಇರೂದಿಲ್ಲ."

"ಮುಂದಿನ ತಿಂಗಳ ಹೋಗು. ಗುಡ್ಡಾ ಎಲ್ಲಿ ಓಡಿಹೋಗ್ತದ?"

"ಮಂದಿನೂ ಎಲ್ಲಿ ಓಡಿಹೋಗ್ತಾರ? ಅವರಿಗೇ ಮುಂದಿನ ತಿಂಗಳ ಬರ್‍ರಿ ಅನ್ರಿ."

"ಕರೆದು ಆಗೇದ. ಏನಂದಾರು ಅವರು?"

"ನೀವ ಕರದೀರಿ, ನೀವ ನೋಡಕೋರಿ."

ಅವರು ತಾಯಿಯ ಕಡೆ ತಿರುಗಿದರು. ಅತ್ತೆ ಟಿವಿಯಲ್ಲಿ ಹವಾಮಾನ ನೋಡುತ್ತಿದ್ದರು, ಒಂದಕ್ಷರ ತಿಳಿಯದಿದ್ದರೂ. "ನೀ ಹಿಡದ ಮೊಲಕ್ಕ ಮೂರ ಕಾಲು" ಎಂದು ಗಂಡ ನನಗೆ ಹೇಳಿ ಎದ್ದು ಹೋದರು. ಮೂರೇ, ಎಂದೆ ನಾನು.

ಆಮೇಲಿನ ಮೂರು ದಿನ ಮನೆಯಲ್ಲಿ ಬೇಕಾದಷ್ಟೇ ಮಾತು. ಶನಿವಾರ ಸಂಜೆ ನಾನು ಬೇಳೆ ನೆನೆಹಾಕಬೇಕಾದ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಕೂತು ಬೂಟಿಗೆ ಮೇಣ ತಿಕ್ಕುತ್ತಿದ್ದೆ. ಗಂಡ ಅಡುಗೆಮನೆಗೆ ಎರಡು ಸಲ ಬಂದರು, ಖಾಲಿ ಪಾತ್ರೆ ನೋಡಿದರು, ಹೋದರು. ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು. ಹತ್ತಾರು ವರ್ಷ ಕಾಪಾಡಿಕೊಂಡು ಬಂದ ಒಳ್ಳೆಯ ಹೆಸರು ಒಂದೇ ಮಧ್ಯಾಹ್ನದಲ್ಲಿ ಹೋಗುತ್ತದೆ ಎಂದು ಗೊತ್ತಿತ್ತು. ನಾಲ್ಕು ಮನೆಗಳ ಹೆಂಗಸರು ನಮ್ಮ ಕುರ್ಚಿಗಳಲ್ಲೇ ಕೂತು ಮೂಗು ಮುರಿಯುತ್ತಾರೆ ಎಂದೂ ಗೊತ್ತಿತ್ತು. ಮುರಿಯಲಿ ಎಂದುಕೊಂಡು ಇನ್ನೊಂದು ಬೂಟು ಕೈಗೆತ್ತಿಕೊಂಡೆ.

ಭಾನುವಾರ ಏಳೂವರೆಗೆ ಮನೆ ಬಿಟ್ಟೆ. ಸ್ಟೇಷನ್ನಿನಲ್ಲಿ ಮುಂದಾಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಸರಿ, ನಡೆಯಿರಿ ಎಂದಳು. ಹತ್ತು ಮೈಲಿ ನಡೆದೆ. ಗುಡ್ಡದ ಮೇಲೆ ಗುಡಿ ಇರಲಿಲ್ಲ. ಗಾಳಿ ಇತ್ತು, ಕುರಿಗಳಿದ್ದವು, ಆಲಿಕಲ್ಲು ಬಿತ್ತು, ಒಂದು ಹನಿಯೂ ಒಳಗೆ ಬರಲಿಲ್ಲ. ಒಂದು ಗಂಟೆಗೆ ಗೋಡೆಯ ಮರೆಯಲ್ಲಿ ಕೂತು ಬೆನ್ನ ಹಿಂದಿನ ಜೇಬಿನಿಂದ ಡಬ್ಬಿ ತೆಗೆದು ನನ್ನ ಚಪಾತಿ ತಿಂದೆ. ಆ ಹೊತ್ತಿಗೆ ನಮ್ಮ ಮನೆಯ ಕರೆಗಂಟೆ ಬಡಿದಿರುತ್ತದೆ ಎಂದು ನೆನಪಾಯಿತು. ಇನ್ನೊಂದು ಚಪಾತಿ ತಿಂದೆ.

ಸಂಜೆ ಬಂದಾಗ ಮನೆ ಒಪ್ಪವಾಗಿತ್ತು, ಪಾತ್ರೆಗಳು ಬೋರಲಾಗಿದ್ದವು, ಎಲ್ಲರೂ ಟಿವಿ ಮುಂದೆ ಕೂತಿದ್ದರು. ಆ ದಿನ ಹದಿನಾಲ್ಕು ಜನ ಉಂಡರಂತೆ. ಏನು ಉಂಡರು, ಯಾರು ಬೇಯಿಸಿದರು, ಯಾರು ಬಡಿಸಿದರು, ಯಾರು ತೊಳೆದರು ಎಂದು ನಾನು ಕೇಳಲಿಲ್ಲ. ಇವತ್ತಿನವರೆಗೂ ಕೇಳಿಲ್ಲ.