ಹೆಸರಿಗೆ ಬೇಕಾದ ಪ್ರತ್ಯಯ

ಮೊನ್ನೆ ವಿರಾಜಪೇಟೆಯಲ್ಲಿ ಬಸ್ಸಿಳಿದು ನಡೆಯುತ್ತಿದ್ದೆ. ಯಾರದೋ ಅಂಗಳದಲ್ಲಿ ಟಾರ್ಪಾಲಿನ ಮೇಲೆ ಹರಡಿದ್ದ ಕರಿಮೆಣಸಿನ ಘಾಟು ಮೂಗಿಗೆ ಬಡಿಯಿತು. ಹಿಂದೆ ನಾನು ಕೆಲಸ ಮಾಡುತ್ತಿದ್ದ ಶಾಲೆಯ ಕಿಟಕಿಯಿಂದಲೂ ಇದೇ ಘಾಟು ಬರುತ್ತಿತ್ತು; ಬೇಲಿಯಾಚೆಗೇ ಎಸ್ಟೇಟಿನ ಕಣ. ಅಲ್ಲೇ ನಿಂತುಬಿಟ್ಟೆ. ಟೀಚರ್ ನೆನಪಾದರು...

ನಾನು ಗಣಿತ ಕಲಿಸಲು ಆ ಶಾಲೆಗೆ ಸೇರಿದಾಗ ಅವರಿಗೆ ನಿವೃತ್ತಿ ಹತ್ತಿರವಾಗಿತ್ತು. ಕನ್ನಡ ಕಲಿಸುತ್ತಿದ್ದರು. ಶಿರಂಗಾಲದವರು, ಹಾಸನದ ಕಡೆಯಿಂದ ಬಂದು ನೆಲೆಸಿದ ಒಕ್ಕಲು ಮನೆತನ, ಮದುವೆಯಾಗಿರಲಿಲ್ಲ. ಶಾಲೆಯಲ್ಲಿ ನಾವು ಎಷ್ಟೋ ಜನ ಟೀಚರುಗಳಿದ್ದರೂ ಊರಿನವರು ಬರೀ ‘ಟೀಚರ್’ ಎಂದರೆ ಅವರೇ. ಆ ಪದ ಅವರಿಗೆ ಹೆಸರೇ ಆಗಿಹೋಗಿತ್ತು.

ಅವರ ತರಗತಿಯಲ್ಲಿ ಕೊಡವರ ಮಕ್ಕಳು, ಮಲಯಾಳಿಗಳ ಮಕ್ಕಳು, ಉರ್ದು ಮಾತಾಡುವವರು, ಎಸ್ಟೇಟಿನ ಆಳುಗಳ ಸಾಲುಮನೆಗಳಾದ ಲೈನ್ ಮನೆಗಳಿಂದ ಬರುವ ಅಸ್ಸಾಮಿನ ಮಕ್ಕಳು ಎಲ್ಲ ಒಟ್ಟಿಗೆ. ಅಂಕಿತನಾಮ, ರೂಢನಾಮ ಕಲಿಸುವಾಗ ಅವರು ಪುಸ್ತಕ ಮುಚ್ಚಿಡುತ್ತಿದ್ದರು. ಒಂದು ದಿನ ‘ಆಳು ಕಳಿಸಿ’ ಎಂದು ಬೋರ್ಡಿನ ಮೇಲೆ ಬರೆದು, ‘ಆಳು’ ಅಳಿಸಿ, ಆ ಜಾಗದಲ್ಲಿ ಸೋನಿ ಎಂಬ ಅಸ್ಸಾಮಿನ ಹುಡುಗಿಯ ಹೆಸರು ಬರೆದರು. ‘ಸೋನಿ ಕಳಿಸಿ’ ಎಂದು ಓದಿ ಮಕ್ಕಳು ನಕ್ಕರು. ಆಳಾದರೆ ಹಾಗೇ ನಡೆಯುತ್ತದೆ, ಹೆಸರಿಗೆ ‘ಅನ್ನು’ ಸೇರಿಸಲೇಬೇಕು ಎಂದರು ಟೀಚರ್. ಇಂಗ್ಲಿಷಿನಲ್ಲಿ ಊರಿಗೆ, ಮರಕ್ಕೆ ‘ದ’ ಹಚ್ಚುತ್ತೀರಿ, ವಿರಾಜಪೇಟೆಗೆ ಯಾಕೆ ಹಚ್ಚುವುದಿಲ್ಲ ಎಂದು ಕೇಳಿದರು. ಸೋನಿ ಎದ್ದು ನಿಂತು, ತಮ್ಮ ಮಾತಿನಲ್ಲಿ ‘ಆ ಪುಸ್ತಕ’ ಅನ್ನುವುದಕ್ಕೆ ‘ಕಿತಾಪ್‌ಖನ್’ ಎಂದು ಹಿಂದೆ ಒಂದು ಬಾಲ ಬರುತ್ತದೆ, ತನ್ನ ಹೆಸರಿಗೆ ಬರುವುದಿಲ್ಲ ಎಂದಳು. ಟೀಚರ್ ಮುಖ ಅರಳಿತು. ಆ ದಿನವೆಲ್ಲ ಸ್ಟಾಫ್ ರೂಮಿನಲ್ಲಿ ಅದೇ ಮಾತು.

ಆ ವರ್ಷದ ಮೆಣಸು ಕೊಯ್ಲು ಮುಗಿಯುವ ಹೊತ್ತಿಗೆ ಸೋನಿಯ ಅಮ್ಮ ಜ್ವರ ಬಂದು ಆಸ್ಪತ್ರೆಯಲ್ಲಿ ತೀರಿಕೊಂಡಳು. ಅಪ್ಪ ಮೊದಲೇ ಇರಲಿಲ್ಲ. ಅಮ್ಮನ ಗುರುತಿನ ಚೀಟಿ ಕೆಲಸಕ್ಕೆ ಕರೆತಂದ ಕಂಟ್ರಾಕ್ಟರನ ಹತ್ತಿರ ಇತ್ತು, ಅವನ ಫೋನ್ ಸ್ವಿಚ್ ಆಫ್. ಶಾಲೆಯ ದಾಖಲೆಯಲ್ಲೂ ತಾಯಿಯ ಹೆಸರಿನ ಜಾಗ ಖಾಲಿ ಇತ್ತು. ಹೆಸರು ಗೊತ್ತಾಗದಿದ್ದರೆ ಹೆಣ ಕೊಡುವುದಿಲ್ಲ, ವಾರಸುದಾರರಿಲ್ಲ ಎಂದು ಪೊಲೀಸರೇ ಎಲ್ಲಾದರೂ ಹೂಳುತ್ತಾರೆ ಎಂಬ ಸುದ್ದಿ ಬಂತು. ಹಾಗಾದರೆ ಮಗಳಿಗೆ ತಾಯಿಯ ಮುಖ ನೋಡಲೂ ಸಿಗುವುದಿಲ್ಲ.

ಟೀಚರ್ ನನ್ನನ್ನೂ ಕರೆದುಕೊಂಡು ಎಸ್ಟೇಟಿನ ರೈಟರ್ ಬಳಿ ಹೋದರು. ಆಳುಗಳ ಹಾಜರಿ ಹಾಕುವವನು ಅವನೇ.

“ಹೆಸರು ಎಂತದೋ ಟೀಚರೇ, ಯಾರಿಗೆ ಗೊತ್ತುಂಟು? ನಾವೆಲ್ಲ ಅಸ್ಸಾಮಿ ಅಂತಲೇ ಕರೆಯೋದು, ಬುಕ್ಕಲ್ಲಿ ಬರೆಯೋದೂ ಹಾಗೇ” ಎಂದ. ಕೆಟ್ಟವನೇನಲ್ಲ, ಅವನಿಗೂ ಸಾಕಾಗಿತ್ತು.

ಸೋನಿ ಲೈನ್ ಮನೆಯ ಮೆಟ್ಟಿಲ ಮೇಲೆ ಮಂಕು ಬಡಿದವಳಂತೆ ಕೂತಿದ್ದಳು. ನಾನು ಅವಳ ಅಮ್ಮನ ಹೆಸರು ಕೇಳಿದೆ. “ಮಾ” ಎಂದಳು. ಮತ್ತೆ ಕೇಳಿದೆ. ಮತ್ತೆ ಅದೇ. ಟೀಚರ್ ನನ್ನ ಕೈ ಹಿಡಿದು ಸುಮ್ಮನಿರಿಸಿದರು.

“ಮಗೀಗೆ ಅಮ್ಮ ಅನ್ನೋದೇ ಹೆಸರು ಕಣಮ್ಮ. ಇನ್ನೇನು ಅಂತ ಹೇಳೀತು ಅದು.”

ಆ ತಾಯಿಯ ಜೊತೆ ಅಸ್ಸಾಮಿನಿಂದ ಬಂದಿದ್ದವರನ್ನು ಅಷ್ಟರಲ್ಲಾಗಲೇ ಬೇರೆ ಬೇರೆ ಎಸ್ಟೇಟುಗಳಿಗೆ ಹಂಚಿಬಿಟ್ಟಿದ್ದರು. ಆಟೋ ಮಾಡಿಕೊಂಡು ಒಂದೊಂದೇ ಲೈನು ಹುಡುಕಿದೆವು. ಟೀಚರಿಗೆ ಕಾಲು ಬಾತು, ಚಪ್ಪಲಿ ಕೈಯಲ್ಲಿ ಹಿಡಿದೇ ಗುಡ್ಡ ಹತ್ತಿದರು. ನನಗೆ ಇನ್ನು ಸಾಧ್ಯವಿಲ್ಲ ಅನಿಸಿತ್ತು. ಸಂಜೆ ಒಂದು ಲೈನಿನಲ್ಲಿ ಒಲೆ ಹಚ್ಚುತ್ತಿದ್ದ ಹೆಂಗಸು ಸೋನಿಯ ಅಮ್ಮನ ಸುದ್ದಿ ಕೇಳಿದ್ದೇ ನೆಲಕ್ಕೆ ಕುಸಿದು, ಎದೆ ಬಡಿದುಕೊಂಡು ಹೆಸರು ಹಿಡಿದು ಅತ್ತಳು. ಫುಲ್ಮತಿ... ಒಂದೇ ಊರಿನವರಂತೆ. ಅವಳೇ ಬಂದು ಗುರುತು ಹೇಳಿದ ಮೇಲೆ ಹೆಣ ಕೊಟ್ಟರು.

ಮರುದಿನ ಗುಂಡಿ ತೆಗೆದವರಿಗೆ ರೈಟರ್ “ಬಾಡಿ ಇಳಿಸಿ” ಎಂದ. ಸೋನಿಯ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದ ಟೀಚರ್ ಮೆಲ್ಲಗೆ, “ಫುಲ್ಮತಿಯನ್ನ ಇಳಿಸಿ” ಎಂದರು. ರೈಟರ್ ತಲೆಗೆ ಸುತ್ತಿದ್ದ ಟವಲು ತೆಗೆದು, ತಾನೂ ಹಗ್ಗಕ್ಕೆ ಕೈ ಹಾಕಿದ.

ಕೆಲವು ದಿನಗಳಲ್ಲಿ ಊರಿನಿಂದ ಸೋನಿಯ ಸೋದರಮಾವ ಬಂದು ಅವಳನ್ನು ಕರೆದುಕೊಂಡು ಹೋದ. ತಲುಪಿದ ಮೇಲೆ ಫೋನ್ ಮಾಡುತ್ತೇನೆ ಎಂದು ನನ್ನ ನಂಬರ್ ತೆಗೆದುಕೊಂಡಿದ್ದ. ಮಾಡಲಿಲ್ಲ. ಟೀಚರ್ ನಿವೃತ್ತರಾಗಿ ಶಿರಂಗಾಲಕ್ಕೆ, ತಮ್ಮನ ಮನೆಗೆ ಹೋದರು. ನಾನು ಹೋದಾಗಲೆಲ್ಲ ಕಾಫಿ ಲೋಟ ಕೈಗಿಡುವ ಮೊದಲೇ ಕೇಳುತ್ತಿದ್ದರು: “ಸೋನಿ ಫೋನ್ ಏನಾರ ಬಂತೇನಮ್ಮ?” ಬಂದಿಲ್ಲ ಎಂದು ಹೇಳಿ ಹೇಳಿ ನನಗೇ ದಣಿವಾಗಿ, ಆಮೇಲಾಮೇಲೆ ಹೋಗುವುದನ್ನೇ ಕಡಿಮೆ ಮಾಡಿದ್ದೆ.

ಕಳೆದ ಮಳೆಗಾಲದಲ್ಲಿ ಟೀಚರ್ ತೀರಿಕೊಂಡರು. ನನಗೆ ತಿಳಿದದ್ದು ತಡವಾಗಿ. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಈಗಲೂ ಬಿಡದೆ ಎತ್ತುತ್ತೇನೆ. ಸೋನಿಯದೇ ಬಂದರೂ ಇನ್ನು ಯಾರಿಗೆ ಹೇಳಲಿ...