ಬಹುವಚನಕ್ಕೆ ಮಾತ್ರ ಬಗ್ಗುವ ನಾಯಿ

ಓಣಂ ರಜೆಗೆ ದೇಲಂಪಾಡಿಯ ಅಕ್ಕನ ಮನೆಗೆ ಹೋಗುವುದೆಂದು ತೀರ್ಮಾನವಾದಾಗ ಉಳಿದ ಪ್ರಶ್ನೆ ನಾಯಿಯದು. ನಾನು ಡ್ರಿಲ್ ಮಾಸ್ತರಿಕೆಯಿಂದ ನಿವೃತ್ತನಾದವನು; ಹೆಂಡತಿ ಇನ್ನೂ ಶಾಲೆಯಲ್ಲಿ ಟೀಚರ್. ಅಕ್ಕನಿಗೆ ಮಂಡಿಯ ಆಪರೇಶನ್ ಆಗಿತ್ತು. ರಜೆ ಮುಗಿಯುವವರೆಗೂ ನಾವು ತನ್ನ ಜೊತೆಗಿರಬೇಕೆಂದು ಅವಳು ಹಟ ಹಿಡಿದಿದ್ದಳು. ಷರತ್ತು ಹಾಕಿದವರು ಭಾವ, ಫೋನಿನಲ್ಲಿ. ನಾವು ಒಬ್ಬರನ್ನೊಬ್ಬರು ಕರೆಯುವುದು ಭಾವ ಎಂದೇ.

"ನಾಯಿ ಬರಲಿ ಭಾವಾ, ಬೇಡ ಹೇಳುವುದಿಲ್ಲ. ಆದರೆ ಜಗಲಿಗೆ ಕಾಲಿಟ್ಟಿತೋ, ಆ ದಿನವೇ ಅದನ್ನು ಕರಕೊಂಡು ನೀವು ವಾಪಸ್."

ಅವರ ಮಡಿಬಟ್ಟೆ ಒಣಗುವುದು ಆ ಜಗಲಿಯಲ್ಲಿ. ಅಷ್ಟಾದರೂ ಶಿಸ್ತು ಕಲಿಸಬಲ್ಲೆನೆಂಬ ಧೈರ್ಯ ನನಗೆ ಇರಬೇಕಿತ್ತು, ಇರಲಿಲ್ಲ. ಪಕ್ಕದ ಮನೆಯಲ್ಲಿದ್ದ ಮಲಯಾಳಿ ಪೊಲೀಸರೊಬ್ಬರು ವರ್ಗವಾಗಿ ತೆಂಕು ಕಡೆಗೆ ಹೋಗುವಾಗ ನಮಗೆ ಒಪ್ಪಿಸಿದ ನಾಯಿ ಅದು. ಬಂದ ದಿನದಿಂದ ಬೆಳಿಗ್ಗೆ ಆರಕ್ಕೆ ಅಂಗಳದಲ್ಲಿ ನಿಲ್ಲಿಸಿ "ಕೂತುಕೋ", "ನಿಲ್ಲು" ಎಂದು ಕಲಿಸುತ್ತಿದ್ದೆ. ಅದು ನನ್ನ ಮುಖ ನೋಡಿ ಆಕಳಿಸುತ್ತಿತ್ತು. ನನ್ನ ಸರ್ವೀಸಿನಲ್ಲಿ ಅಂಥ ವಿದ್ಯಾರ್ಥಿ ಸಿಕ್ಕಿರಲಿಲ್ಲ.

ಹೊರಟ ದಿನ ದಾರಿಯಲ್ಲಿ ಚಾ ಕುಡಿಯಲು ಕಾರು ನಿಲ್ಲಿಸಿದೆವು. ಬಾಗಿಲು ತೆರೆದದ್ದೇ ತಡ, ನಾಯಿ ನನ್ನ ಕೈಯ ಬೆಲ್ಟು ಕಿತ್ತುಕೊಂಡು ಅಂಗಡಿಯ ಗೋಳಿಬಜೆಯ ತಟ್ಟೆಗೆ ನೇರ ಓಡಿತು. ಅಂಗಡಿಯವರು ಬೆನ್ನು ಹಾಕಿದ್ದವರು ನನ್ನ ಹೆಜ್ಜೆಯ ಸದ್ದು ಕೇಳಿ, "ಇರಿ ಮಾರಾಯ್ರೆ, ಚಾ ಆಗ್ತಾ ಉಂಟು" ಎಂದರು. ನಾಯಿ ಥಟ್ಟನೆ ಕುಳಿತಿತು. ಬೆನ್ನು ನೇರ, ಕಿವಿ ನೇರ.

ಹೆಂಡತಿ ನಗತೊಡಗಿದಳು. "ಮಲಯಾಳದಲ್ಲಿ 'ಇರಿ' ಅಂದರೆ ಕೂತುಕೋ ಅಲ್ಲವಾ. ಪಾಪ, ಅದಕ್ಕೆ ನಿಮ್ಮ ಕನ್ನಡ ಎಂತ ಗೊತ್ತು?"

ಇಬ್ಬರಿಗೂ ಮಲಯಾಳ ಚೆನ್ನಾಗಿ ಬರುತ್ತದೆ. ಆದರೂ ಹೊಳೆದಿರಲಿಲ್ಲ. ಮನೆಯಲ್ಲಿ ನಾಯಿಗೆ ಯಾರು "ಇರಿ" ಅನ್ನುತ್ತಾರೆ? ತಡೆಯಬೇಕಾದರೆ "ಇರು" ಎನ್ನುತ್ತಿದ್ದೆವು.

"ಭಾವನಿಗೆ ಹೇಳುವುದು ಬೇಡ" ಎಂದೆ.

"ಯಾಕೆ?"

"ಸುಮ್ಮನೆ."

ಅಕ್ಕನ ಮನೆ ತಲುಪಿದಾಗ ಭಾವ ಜಗಲಿಯ ಅಂಚಿನಲ್ಲೇ ಕಾವಲು ನಿಂತಿದ್ದರು. ನಾವು ಮೂವರೂ ಅಂಗಳಕ್ಕೆ ನುಗ್ಗಿದ್ದು ಕಂಡು ಕೈ ಅಡ್ಡ ಹಿಡಿದರು. "ಇರಿ ಇರಿ, ಮೊದಲು ಕಾಲು ತೊಳೆಯಿರಿ."

ನಾವಿಬ್ಬರು ನಡೆಯುತ್ತಲೇ ಇದ್ದೆವು. ನಾಯಿ ಕುಳಿತಿತು.

ಭಾವ ಅದನ್ನೂ ನನ್ನನ್ನೂ ನೋಡಿದರು. "ನಾನು ಹೇಳಿದ್ದು ನಿಮಗೆ. ಕೇಳಿದ್ದು ಅದು."

ಅಕ್ಕ ಒಳಗಿನಿಂದ ಕೋಲೂರಿಕೊಂಡು ಬಂದು ನಕ್ಕಳು. ನಾನು ಡ್ರಿಲ್ಲಿನ ಮಹಿಮೆ ಎಂಬಂತೆ ಮೀಸೆ ತಿರುವಿದೆ.

ಮರುದಿನ ಮಧ್ಯಾಹ್ನ ಊಟಕ್ಕೆ ಭಾವನ ಪರಿಚಯದ ಭಟ್ಟರೊಬ್ಬರು ಬಂದಿದ್ದರು. ಊಟ ಮುಗಿಸಿ ಎಲ್ಲರೂ ಜಗಲಿಯಲ್ಲಿ ಕುಳಿತಿದ್ದಾಗ ನಾಯಿ ಅಂಗಳ ದಾಟಿ ಮೆಟ್ಟಿಲ ಕಡೆಗೆ ಹೊರಟಿತು. ಅದರ ಕಣ್ಣು ಭಾವನ ಮಡಿಪಂಚೆಯ ತೂಗುತ್ತಿದ್ದ ತುದಿಯ ಮೇಲೆ.

"ಏಯ್, ಇರು" ಎಂದರು ಭಾವ. ನಾಯಿ ಒಂದು ಮೆಟ್ಟಿಲು ಹತ್ತಿತು.

"ಇರು ಹೇಳಿದೆನಲ್ಲ!" ಎರಡನೆಯದು.

ಅಕ್ಕನ ಮುಖ ಬಿಳಿಚಿತು. ಇನ್ನೊಂದೇ ಮೆಟ್ಟಿಲು, ಅದಾದರೆ ನಾವು ಸಂಜೆಯೊಳಗೆ ಊರು ಸೇರಬೇಕು. ನಾನೇ ಒಂದು ಮಾತು ಹೇಳಿ ಕೂರಿಸಬಹುದಿತ್ತು. ಆದರೆ ಅಂಥ ಅವಕಾಶ ಜೀವಮಾನದಲ್ಲಿ ಮತ್ತೆ ಬರುವುದಿಲ್ಲ. ಭಾವನ ಕಿವಿಯ ಹತ್ತಿರ ಬಾಗಿದೆ.

"ಏಕವಚನದಲ್ಲಿ ಕರೆದರೆ ಅದು ಕೇಳುವುದಿಲ್ಲ ಭಾವಾ. ಸ್ವಲ್ಪ ಮರ್ಯಾದೆ ಕೊಟ್ಟು ಹೇಳಿ."

"ಎಂತದು ಮಾರಾಯ್ರೆ, ನಾಯಿಗಾ?"

ನಾಯಿ ಮುಂಗಾಲೆತ್ತಿತು. ಭಾವ ಒಮ್ಮೆ ಭಟ್ಟರನ್ನು, ಒಮ್ಮೆ ಪಂಚೆಯನ್ನು ನೋಡಿದರು. ಗಂಟಲು ಸರಿಮಾಡಿಕೊಂಡು, "ಇರಿ" ಎಂದರು.

ನಾಯಿ ಮೆಟ್ಟಿಲ ಮೇಲೆಯೇ ಕುಳಿತಿತು.

ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಒಳಗೋಡಿದಳು. ಭಾವ ನನ್ನನ್ನು ದಿಟ್ಟಿಸಿದರು. ಅವರೇನು ದಡ್ಡರಲ್ಲ, ಕಾಸರಗೋಡಿನ ಕಚೇರಿಗಳಲ್ಲಿ ಮಲಯಾಳದಲ್ಲೇ ಜಗಳವಾಡಿ ಗೆದ್ದು ಬಂದವರು. ವಿಷಯ ತಲೆಗೆ ಹೊಕ್ಕಿದ್ದು ಅವರ ಕಣ್ಣಿನಲ್ಲೇ ಕಂಡಿತು. ಇನ್ನು ಬ್ಯಾಗು ಕಟ್ಟಬೇಕು ಎಂದುಕೊಂಡೆ.

ಅಷ್ಟರಲ್ಲಿ ಭಟ್ಟರು ಕೇಳಿದರು, "ಇದೆಂತ ಮಾರಾಯ್ರೆ, ನಾಯಿಗೆ ಬಹುವಚನ?"

ಭಾವ ಎಲೆಗೆ ಸುಣ್ಣ ಹಚ್ಚುತ್ತ, ಅಕ್ಕನ ಕಡೆ ಒಮ್ಮೆ ನೋಡಿ, ಗಂಭೀರವಾಗಿ ಉತ್ತರಿಸಿದರು.

"ಹೆಂಡತಿಯ ತವರಿನ ಕಡೆಯವರು. ರಜೆ ಮುಗಿಯುವವರೆಗೆ ಇಲ್ಲೇ ಇರುತ್ತಾರೆ. ಮರ್ಯಾದೆ ತಪ್ಪಿದರೆ ನನಗೆ ಊಟ ಸಿಗುವುದಿಲ್ಲ."